ತಪ್ಪೇ ಇಲ್ಲದ ಗುರುತಿನ ಚೀಟಿ

ಸೋಮವಾರ ಬೆಳಿಗ್ಗೆ ಹತ್ತೂ ಕಾಲಿಗೆ ಠಾಣೆಗೆ ಬಂದ ಹೆಂಗಸು ದೂರು ಹೇಳುವ ಮೊದಲೇ ಒಂದು ಷರತ್ತು ಹಾಕಿದಳು.

"ಬರ್ಕೊಳ್ಳಿ ಸಾರ್. ಬರ್ದು ನಂಗೊಂದು ಕಾಪಿ ಕೊಡಿ. ಕಳ್ಳನ್ನ ಹಿಡೀದಿದ್ರೂ ಪರವಾಗಿಲ್ಲ."

ಠಾಣೆಯ ಬರವಣಿಗೆಯೆಲ್ಲ ಹೆಡ್ ಕಾನ್ಸ್‌ಟೇಬಲ್ ಒಬ್ಬರ ಕೈಯಲ್ಲಿತ್ತು. ಎಲ್ಲರೂ ಅವರನ್ನು ರೈಟರ್ ಎಂದೇ ಕರೆಯುತ್ತಿದ್ದರು. ಕಳ್ಳ ಸಿಗದಿದ್ದರೂ ಪರವಾಗಿಲ್ಲ ಎನ್ನುವ ದೂರುದಾರರನ್ನು ಅವರು ಸರ್ವಿಸಿನಲ್ಲೇ ಕಂಡಿರಲಿಲ್ಲ. ಆದರೂ ಬರೆದುಕೊಂಡರು. ಹೆಂಗಸು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಒಗೆಯುವವಳು. ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಹೋಗಿದ್ದಾಗ ಯಾರೋ ಬಾಗಿಲ ಚಿಲಕ ಕಿತ್ತು ಒಂದು ತಗಡಿನ ಪೆಟ್ಟಿಗೆ ಕದ್ದೊಯ್ದಿದ್ದಾರೆ. ಅದರಲ್ಲಿ ಚಿನ್ನವಿಲ್ಲ, ದುಡ್ಡಿಲ್ಲ. ಅವಳ ಗುರುತಿನ ಚೀಟಿ ಮತ್ತು ಮಗಳ ಜನನ ಪತ್ರ, ಎರಡೇ.

"ಮಗಳೆಲ್ಲಿ?" ಕೋಣೆಯಿಂದ ಹೊರಬಂದ ಇನ್ಸ್‌ಪೆಕ್ಟರ್ ಕೇಳಿದರು. ಎತ್ತರದ, ಚುಟುಕು ಮಾತಿನ ಹೆಂಗಸು ಅವರು. ಹಿಡಿದ ಕೇಸನ್ನು ಅರ್ಧಕ್ಕೆ ಬಿಟ್ಟವರಲ್ಲ.

"ಬಾಲಮಂದಿರದಲ್ಲಿ ಮೇಡಂ. ನಾನು ಜ್ವರ ಬಂದು ಆಸ್ಪತ್ರೇಲಿ ಮಲಗಿದ್ದಾಗ, ಮಗು ಬೀದೀಲಿ ಒಂಟಿಯಾಗಿದೆ ಅಂತ ಯಾರೋ ಸೇರಿಸಿದ್ರು. ಈಗ ಕೊಡಿ ಅಂದ್ರೆ, ನೀನೇ ತಾಯಿ ಅನ್ನೋದಕ್ಕೆ ಕಾಗದ ತೋರ್ಸು ಅಂತಾರೆ. ಶನಿವಾರ ಬೇರೆ ಊರಿಗೆ ಕಳಿಸಿಬಿಡ್ತಾರಂತೆ."

"ಮಗು ನಿನ್ನ ಗುರುತು ಹಿಡೀಲಿಲ್ವಾ?"

"ಅಮ್ಮಾ ಅಂತ ಓಡಿ ಬಂತು. ಮಕ್ಕಳು ಯಾರನ್ನ ಬೇಕಾದ್ರೂ ಅಮ್ಮ ಅಂತಾವೆ ಅಂದ್ರು ಮೇಲ್ವಿಚಾರಕಿ. ಹೋದ ವರ್ಷ ಹಾಗೇ ನಂಬಿ ಯಾರಿಗೋ ಮಗು ಕೊಟ್ಟು ಕೈ ಸುಟ್ಕೊಂಡಿದ್ದಾರಂತೆ."

ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು. ಪೆಟ್ಟಿಗೆ ಕದ್ದವನ ಮೇಲೆ, ಬಾಲಮಂದಿರದ ಮೇಲೆ, ಸಾಲದ್ದಕ್ಕೆ ಶನಿವಾರದ ಮೇಲೂ. "ಶುಕ್ರವಾರದೊಳಗೆ ಆ ಪೆಟ್ಟಿಗೆ ಈ ಮೇಜಿನ ಮೇಲಿರಬೇಕು," ಎಂದರು. ಎಫ್‌ಐಆರ್ ದಾಖಲಾಯಿತು. ಅದರ ಪ್ರತಿಯನ್ನು ಹೆಂಗಸು ನಾಲ್ಕು ಮಡಿಕೆ ಮಾಡಿ, ತನ್ನ ಖಾಲಿ ಊಟದ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು.

ಮಧ್ಯಾಹ್ನ, ಹೆಂಗಸು ಲಾಂಡ್ರಿ ಕೆಲಸಕ್ಕೆ ಹೋಗಿದ್ದಾಗ, ಸ್ಥಳ ಪಂಚನಾಮೆ ನಡೆಯಿತು. ಆಸ್ಪತ್ರೆಯ ಹಿಂದಿನ ಸಾಲುಮನೆಗಳಲ್ಲಿ ಕೊನೆಯ ಕೋಣೆ. ಒಂದು ಮಂಚ, ಒಂದು ಸ್ಟವ್, ಹೊಸ್ತಿಲ ಬಳಿ ಅಂಗೈಯಷ್ಟು ಉದ್ದದ ಒಂದು ಜೊತೆ ಚಪ್ಪಲಿ. ಚಿಲಕವನ್ನು ಯಾರೂ ಕಿತ್ತಿರಲಿಲ್ಲ, ಬಿಚ್ಚಿದ್ದರು. ನಾಲ್ಕು ಸ್ಕ್ರೂಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು.

"ಕಳ್ಳ ಬಹಳ ಶಿಸ್ತಿನವನು ಮೇಡಂ," ಎಂದ ಕಾನ್ಸ್‌ಟೇಬಲ್. ಇವನಿಗೆ ಠಾಣೆಯಲ್ಲಿ ಚುರುಕು ಎಂದು ಅಡ್ಡಹೆಸರು. ಎಳ್ಳು ತಾ ಅಂದರೆ ಎಣ್ಣೆಯನ್ನೇ ತರುವ ಪೈಕಿ. ಇನ್ಸ್‌ಪೆಕ್ಟರ್ ಪಂಚರ ಸಹಿ ಹಾಕಿಸುತ್ತಿದ್ದಂತೆ, ಅವನು ಪಕ್ಕದ ಕೋಣೆಗೆ ನುಗ್ಗಿ ಅಲ್ಲಿದ್ದ ಕೊಡೆ ರಿಪೇರಿಯವನನ್ನು ರಟ್ಟೆ ಹಿಡಿದು ಕರೆತಂದ. ಅವನ ಚೀಲದಲ್ಲಿದ್ದ ಸ್ಕ್ರೂಡ್ರೈವರ್ ಆ ಸ್ಕ್ರೂಗಳಿಗೆ ಸರಿಯಾಗಿ ಕೂತಿತು. ಕಾಲು ಉಳುಕಿ ಭಾನುವಾರ ಪೂರ್ತಿ ಅವನು ಮನೆಯಲ್ಲೇ ಇದ್ದ. ಹಳೆಯದೊಂದು ಇಸ್ಪೀಟಿನ ಕೇಸೂ ಇತ್ತು.

"ಪೆಟ್ಟಿಗೆ ಎಲ್ಲಿಟ್ಟಿದ್ದೀಯ?"

"ನಾನು ಕದ್ದಿಲ್ಲ."

"ಚಿಲಕ ಬಿಚ್ಚಿದ್ದು ನಿನ್ನ ಸ್ಕ್ರೂಡ್ರೈವರ್ರೇ."

"ಇರಬಹುದು."

"ಯಾರಿಗಾದ್ರೂ ಕೊಟ್ಟಿದ್ಯಾ?"

ಅವನು ಬಗ್ಗಿ ಉಳುಕಿದ ಕಾಲನ್ನು ನೀವಿಕೊಂಡ. ಸಂಜೆ ಅವನನ್ನು ಲಾಕಪ್ಪಿಗೆ ಹಾಕಿದರು.

ಕೇಸು ಮುಗಿದೇ ಹೋಯಿತೆಂದು ಚುರುಕು ಕೈ ಕೊಡವಿಕೊಂಡ. ಇನ್ಸ್‌ಪೆಕ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ. ದುಡ್ಡಿಲ್ಲದ ಪೆಟ್ಟಿಗೆಯನ್ನು ನೆರೆಯವನು ಏಕೆ ಕದಿಯುತ್ತಾನೆ? ಕದ್ದಿಲ್ಲವಾದರೆ ಸ್ಕ್ರೂಡ್ರೈವರಿನ ವಿಷಯದಲ್ಲಿ ಏಕೆ ತುಟಿ ಹೊಲಿದುಕೊಂಡಿದ್ದಾನೆ? ಮಂಗಳವಾರ ಬೆಳಿಗ್ಗೆ ಅವರು ರೈಟರನ್ನು ಕೇಳಿದರು.

"ಈ ಹೆಂಗಸು ಮೊದಲು ಯಾವತ್ತಾದ್ರೂ ಇಲ್ಲಿಗೆ ಬಂದಿದ್ಲಾ?"

ರೈಟರ್ ತಲೆ ಕೆರೆದುಕೊಂಡರು. "ಶುಕ್ರವಾರ ಬಂದಿದ್ಲು ಮೇಡಂ. ಚೀಟಿ ಕಳೆದುಹೋಗಿದೆ, ಬರ್ಕೊಡಿ ಅಂದ್ಲು. ಚೀಟಿ ನಂಬರ್ರೋ ಜೆರಾಕ್ಸೋ ಇಲ್ದೆ ಬರ್ಕೊಡೋಕಾಗಲ್ಲ ಅಂತ ಕಳಿಸ್ದೆ."

"ಶುಕ್ರವಾರ ಕಳೆದುಹೋಗಿದ್ದು ಭಾನುವಾರ ಹೇಗ್ರೀ ಕಳುವಾಗುತ್ತೆ?"

ಹನ್ನೊಂದು ಗಂಟೆಗೆ ಹೆಂಗಸನ್ನು ಕರೆಸಿದರು. ಕದ್ದ ಮಾಲಿನ ಗುರುತು ಕೇಳುವುದು ತನಿಖೆಯ ಮೊದಲ ಪಾಠ. ಬಿಂದಿಗೆಯಾದರೆ ಎಲ್ಲಿ ನಗ್ಗಿದೆ, ಸರವಾದರೆ ಕೊಂಡಿ ಹೇಗಿದೆ. ಇನ್ಸ್‌ಪೆಕ್ಟರ್ ತಮ್ಮ ಗುರುತಿನ ಚೀಟಿಯನ್ನೇ ತೆಗೆದು ಮೇಜಿನ ಮೇಲಿಟ್ಟರು.

"ನೋಡು, ಇದರಲ್ಲಿ ನಾನು ಕಣ್ಣು ಮುಚ್ಚಿದ್ದೀನಿ. ನಿದ್ದೆ ಮಾಡೋ ಪೊಲೀಸ್ ಅಂತ ನಮ್ಮನೆಯವರು ಈಗಲೂ ಆಡ್ಕೊಳ್ತಾರೆ."

"ನನ್ನದ್ರಲ್ಲಿ ನಾನು ಹೆಂಗಸು," ಎಂದರು ರೈಟರ್ ಬೇಸರದಿಂದ. "ಎರಡು ಸಲ ಅರ್ಜಿ ಹಾಕಿದೆ. ಇನ್ನೂ ಗಂಡಸಾಗಿಲ್ಲ."

"ನನ್ನದ್ರಲ್ಲಿ ನಾನು ನಮ್ಮಪ್ಪಂಗಿಂತ ಎರಡು ವರ್ಷ ದೊಡ್ಡೋನು," ಎಂದ ಚುರುಕು.

"ನಿನ್ನ ಚೀಟೀಲಿ ಏನಮ್ಮ ತಪ್ಪಿತ್ತು?"

"ಏನೂ ತಪ್ಪಿರಲಿಲ್ಲ ಮೇಡಂ. ಎಲ್ಲಾ ಸರಿಯಾಗಿತ್ತು."

"ಫೋಟೋ?"

"ಚೆನ್ನಾಗಿ ಬಂದಿತ್ತು. ತಲೆ ಬಾಚ್ಕೊಂಡು, ನೀಲಿ ಸೀರೆ ಉಟ್ಟಿದ್ದೆ. ನಗ್ತಾ ಇದ್ದೆ."

ಸರ್ಕಾರಿ ಚೀಟಿ ಇದ್ದವರಿಗೆಲ್ಲ ಅದರ ಮೇಲೊಂದು ಗೊಣಗಾಟ ಇದ್ದೇ ಇರುತ್ತದೆ. ಇವಳ ಚೀಟಿಯಲ್ಲಿ ಒಂದು ಕುಂದೂ ಇರಲಿಲ್ಲ, ಏಕೆಂದರೆ ಅಂಥ ಚೀಟಿಯೇ ಇರಲಿಲ್ಲ.

"ಸರಿ," ಎಂದರು ಇನ್ಸ್‌ಪೆಕ್ಟರ್. "ಕಳ್ಳ ಸಿಕ್ಕಿದ್ದಾನೆ. ಮಧ್ಯಾಹ್ನ ಕೋರ್ಟಿಗೆ ಕಳಿಸ್ತೀವಿ."

ಹೆಂಗಸು ಲಾಕಪ್ಪಿನ ಕಡೆ ತಿರುಗಿದಳು. ಕಂಬಿಯ ಹಿಂದೆ ಕೂತವನನ್ನು ಅವಳು ಆಗಷ್ಟೇ ನೋಡಿದ್ದು.

"ಅಯ್ಯೋ, ಅಣ್ಣಾ! ನೀನ್ಯಾಕಿಲ್ಲಿ?"

"ನೀನು ಸುಮ್ನೆ ಹೋಗು ತಂಗಿ," ಎಂದ ಕೊಡೆ ರಿಪೇರಿಯವನು. "ಕಾಗದ ಸಿಕ್ಕಿದೆಯಲ್ಲ. ಮೊದಲು ಮಗೂನ ಕರ್ಕೊಂಡು ಬಾ."

ಅವಳು ಹೋಗಲಿಲ್ಲ. ಊಟದ ಡಬ್ಬಿ ತೆರೆದು, ಎಫ್‌ಐಆರ್ ಪ್ರತಿಯನ್ನು ಮೇಜಿನ ಮೇಲಿಟ್ಟಳು.

"ಅವನನ್ನ ಬಿಡಿ ಮೇಡಂ. ಸ್ಕ್ರೂಡ್ರೈವರ್ ಇಸ್ಕೊಂಡಿದ್ದು ನಾನು. ಚಿಲಕ ಬಿಚ್ಚಿದ್ದೂ ನಾನೇ. ಕದಿಯೋಕೆ ಅಲ್ಲಿ ಏನೂ ಇರಲಿಲ್ಲ."

ಹೇಳಿಕೆ ಬರೆಯಲು ಒಂದು ಗಂಟೆ ಹಿಡಿಯಿತು. ಅವಳು ಹುಟ್ಟಿದ್ದು ಕಟ್ಟಡ ಕೆಲಸದವರ ಶೆಡ್ಡಿನಲ್ಲಿ, ಮಗಳು ಹುಟ್ಟಿದ್ದು ಸಾಲುಮನೆಯ ಆ ಕೋಣೆಯಲ್ಲಿ. ಎರಡನ್ನೂ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಗುರುತಿನ ಚೀಟಿ ಕೇಳಿದರೆ ವಿಳಾಸದ ಪುರಾವೆ ತಾ ಎಂದರು, ವಿಳಾಸದ ಪುರಾವೆ ಕೇಳಿದರೆ ಗುರುತಿನ ಚೀಟಿ ತಾ ಎಂದರು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು. ಏಜೆಂಟನೊಬ್ಬ ಎರಡು ತಿಂಗಳ ಸಂಬಳ ನುಂಗಿ, ಅಂಗಡಿ ಎತ್ತಿಕೊಂಡು ಮಾಯವಾದ. ಆಸ್ಪತ್ರೆಯವರು ಕೊಟ್ಟ ಕೆಲಸದ ಚೀಟಿಯಲ್ಲಿ ಫೋಟೋ ಇಲ್ಲವೆಂದು ಬಾಲಮಂದಿರದವರು ಹಿಂದಿರುಗಿಸಿದರು.

"ಒಂದಿನ ಕ್ಯೂನಲ್ಲಿ ನನ್ನ ಮುಂದೆ ನಿಂತಿದ್ದೋಳು ಚೀಟಿ ಕಳ್ಕೊಂಡಿದ್ಲು. ಪೊಲೀಸ್ ಕಾಗದ ತೋರಿಸಿದ್ಲು, ಹತ್ತು ನಿಮಿಷಕ್ಕೆ ಕೆಲಸ ಆಯ್ತು. ಕಳ್ಕೊಂಡೋರಿಗೆ ದಾರಿ ಇದೆ ಮೇಡಂ. ಮೊದಲಿಂದ ಇಲ್ದೋರಿಗೆ ಇಲ್ಲ. ಅದಕ್ಕೆ ನಾನೂ ಕಳ್ಕೊಂಡೋಳಾದೆ."

"ಈ ಕಾಗದ ತೋರಿಸಿದ್ರೂ ಚೀಟಿ ಸಿಗ್ತಿರಲಿಲ್ಲಮ್ಮ. ಹಳೇ ನಂಬರ್ ಕೇಳ್ತಾರೆ."

ಅದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅಳದವಳು ಆಗ ಅತ್ತಳು.

"ಹರಿದು ಹಾಕಿಬಿಡೋಣ ಮೇಡಂ," ಎಂದು ರೈಟರ್ ಪಿಸುಗುಟ್ಟಿದರು.

"ದಾಖಲಾದ ಎಫ್‌ಐಆರ್ ಹರಿಯೋಕೆ ನಾವ್ಯಾರ್ರೀ? ತಪ್ಪಿಲ್ದೋನು ಒಂದು ರಾತ್ರಿ ಒಳಗಿದ್ದ. ಸುಳ್ಳು ದೂರು ಸುಳ್ಳೇ. ಕೇಸ್ ಹಾಕಿ."

ಮಧ್ಯಾಹ್ನ ಒಂದೂವರೆಗೆ ಕೊಡೆ ರಿಪೇರಿಯವನನ್ನು ಬಿಟ್ಟರು. ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಹೆಂಗಸನ್ನು ಬಂಧಿಸಿದರು. ರೈಟರ್ ಒಲ್ಲದ ಮನಸ್ಸಿನಿಂದ ಬಂಧನ ಪತ್ರ ತುಂಬತೊಡಗಿದರು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕಮ್ಮ? ಹತ್ತಿರದ ಸಂಬಂಧಿ ಯಾರು?"

"ಯಾರೂ ಇಲ್ಲ ಸಾರ್. ಮಗಳೊಬ್ಬಳೇ."

ರೈಟರ್ ಪೆನ್ನು ಎತ್ತಿದರು. "ಐದು ವರ್ಷದ ಮಗೂಗೆ ಹೇಗೆ ಮೇಡಂ ತಿಳಿಸೋದು?"

ಇನ್ಸ್‌ಪೆಕ್ಟರ್ ಆ ಪತ್ರವನ್ನು ಕೈಗೆ ತೆಗೆದುಕೊಂಡು ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ಸಂಬಂಧಿಗೆ ತಿಳಿಸಲೇಬೇಕು. ಮಗು ಯಾರ ವಶದಲ್ಲಿದೆಯೋ ಅವರ ಮೂಲಕ ತಿಳಿಸೋಣ. ಮಗುವಿನ ಹೆಸರು ಬರೀರಿ. ಸಂಬಂಧ ಅನ್ನೋ ಕಡೆ ಮಗಳು ಅಂತ ಬರೀರಿ. ಸುಮ್ನೆ ಬರೆದ್ರೆ ಸಾಲದು, ಇವರಿಬ್ಬರನ್ನೂ ಬಲ್ಲ ಸಾಕ್ಷಿ ಬೇಕು."

"ನಾನು ಸಹಿ ಹಾಕ್ತೀನಿ," ಎಂದ, ಹೊರಗೆ ಹೋಗದೆ ಬಾಗಿಲಲ್ಲೇ ನಿಂತಿದ್ದ ಕೊಡೆ ರಿಪೇರಿಯವನು. "ಆ ಮಗು ಹುಟ್ಟಿದ ದಿನ ಸೂಲಗಿತ್ತೀನ ಕರ್ಕೊಂಡು ಬಂದೋನು ನಾನೇ."

ಚುರುಕು ಈ ಸಲವೂ ಯಾರೂ ಹೇಳುವ ಮೊದಲೇ ಓಡಿದ. ಅರ್ಧ ಗಂಟೆಯಲ್ಲಿ ಆ ಸೂಲಗಿತ್ತಿಯನ್ನೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಇಬ್ಬರ ಹೇಳಿಕೆಯನ್ನೂ ಬರೆದು, ಸಹಿ ಹಾಕಿಸಿ, ಸೀಲು ಒತ್ತಿದರು. ಹೆಂಗಸಿಗೆ ಠಾಣೆಯಲ್ಲೇ ಜಾಮೀನು ಕೊಟ್ಟು, ಇನ್ಸ್‌ಪೆಕ್ಟರ್ ತಾವೇ ಅವಳನ್ನು ಜೀಪಿನಲ್ಲಿ ಬಾಲಮಂದಿರಕ್ಕೆ ಕರೆದೊಯ್ದರು.

ಮೇಲ್ವಿಚಾರಕಿ ಕನ್ನಡಕ ಹಾಕಿಕೊಂಡು ಕಾಗದ ಓದಿದರು. "ಇದು ಬಂಧನದ ನೋಟಿಸು."

"ಹೌದು. ನಿಮ್ಮ ವಶದಲ್ಲಿರೋ ಮಗೂಗೆ, ಅದರ ತಾಯೀನ ಬಂಧಿಸಿದ್ದೀವಿ ಅಂತ ತಿಳಿಸೋ ನೋಟಿಸು. ಮುಟ್ಟಿದ್ದಕ್ಕೆ ಸಹಿ ಹಾಕಿ."

"ಹಾಕಿದ್ರೆ ಇವಳೇ ತಾಯಿ ಅಂತ ಒಪ್ಪಿದ ಹಾಗಾಗುತ್ತೆ."

"ಸಾಕ್ಷಿಗಳ ಹೇಳಿಕೆ ಹಿಂದಿನ ಪುಟದಲ್ಲಿದೆ. ಓದಿ."

ಮೇಲ್ವಿಚಾರಕಿ ಪುಟ ತಿರುಗಿಸಿದರು. ಸೂಲಗಿತ್ತಿಯ ಹೇಳಿಕೆಯನ್ನು ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿ, ಕನ್ನಡಕ ತೆಗೆದು ಹೆಂಗಸಿನ ಮುಖ ನೋಡಿದರು.

"ತಪ್ಪು ತಿಳ್ಕೋಬೇಡಮ್ಮ. ಅವತ್ತೇ ನಂಗೆ ಗೊತ್ತಾಗಿತ್ತು. ಒಂದು ಕಾಗದ ಬೇಕಾಗಿತ್ತು, ಅಷ್ಟೇ." ಅವರು ಒಳಗಿನ ಬಾಗಿಲ ಕಡೆ ತಿರುಗಿ ಮಗುವಿನ ಹೆಸರು ಹಿಡಿದು ಕೂಗಿದರು.

ಸಂಜೆ ಐದೂವರೆಗೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ತರಿಸಿದರು. ಅಪರಾಧದ ಉದ್ದೇಶ ಎಂಬಲ್ಲಿ ರೈಟರ್, 'ಸರ್ಕಾರಿ ದಾಖಲೆಯನ್ನು ಮೋಸದಿಂದ ಪಡೆಯುವುದು' ಎಂದು ಬರೆದಿದ್ದರು. ಇನ್ಸ್‌ಪೆಕ್ಟರ್ ಅದರ ಮೇಲೆ ಗೆರೆ ಎಳೆದು, 'ಸ್ವಂತ ಮಗಳನ್ನು ಮನೆಗೆ ಕರೆದುಕೊಂಡು ಹೋಗುವುದು' ಎಂದು ಬರೆದು, ಕೆಳಗೆ ಸಹಿ ಹಾಕಿದರು.