ಹೊಳೆಬಾಗಿಲ ಮಾತೆ ಕಾಣೆಯಾದ ಪ್ರಕರಣ

2009ರ ಏಪ್ರಿಲ್ ಕೊನೆಯ ವಾರ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕುಂದಾಪುರ ಠಾಣೆಗೆ ಬಂದ ರೊನಾಲ್ಡ್ ಕ್ರಾಸ್ತಾ ಕುರ್ಚಿಯಲ್ಲಿ ಕೂರಲೂ ಇಲ್ಲ. ಹೊಳೆಬಾಗಿಲು ಚರ್ಚಿನ ಪಾಲನಾ ಮಂಡಳಿಯ ಉಪಾಧ್ಯಕ್ಷ ಅವರು. ಚರ್ಚಿನೊಳಗೆ ಪಕ್ಕದ ಪೀಠದಲ್ಲಿದ್ದ ಮಾತೆಯ ಮರದ ವಿಗ್ರಹ ಕಳುವಾಗಿದೆ, ಶುಕ್ರವಾರದೊಳಗೆ ಸಿಗಲೇಬೇಕು ಎಂದರು.

"ಶುಕ್ರವಾರ ಏನಿದೆ?" ಪಿಎಸ್‌ಐ ಶ್ರೀವಿದ್ಯಾ ಕೇಳಿದಳು.

"ನಮ್ಮ ತಂಡ ಯಾತ್ರೆ ಹೊರಡುತ್ತದೆ ಮೇಡಂ. ಲಿಸ್ಬನ್, ಬ್ರಾಗಾ, ಸಾಂತಿಯಾಗೊ, ಟೊಲೆಡೊ. ಪೋರ್ಚುಗಲ್, ಸ್ಪೇನ್ ಕಡೆಯ ಹಳೇ ಹಳೇ ಮಹಾದೇವಾಲಯಗಳ, ಕೆಥೆಡ್ರಲ್‌ಗಳ ಊರುಗಳು. ವಿಗ್ರಹವನ್ನು ಜೊತೆಗೆ ಕೊಂಡೊಯ್ಯಬೇಕಿತ್ತು."

"ವಾಪಸ್ ತರುವುದಕ್ಕಾ?"

ಕ್ರಾಸ್ತಾ ತುಸು ತಡೆದರು. "ಅಲ್ಲಿ ಒಬ್ಬರು ಪರಿಚಯದವರ ಖಾಸಗಿ ಸಂಗ್ರಹಾಲಯವಿದೆ. ಅವರಿಗೆ ಕೊಡುವುದು. ಬದಲಿಗೆ ಅಮೃತಶಿಲೆಯ ಹೊಸ ಮಾತೆಯನ್ನು ಕಳಿಸಿಕೊಡುತ್ತಾರೆ. ಇದು ಹುಳು ಹಿಡಿದ ಮರ, ಬೆಲೆಯೇನೂ ಇಲ್ಲ."

ಬೆಲೆಯಿಲ್ಲದ ಮರಕ್ಕೆ ಇಷ್ಟು ಅವಸರವೇ ಎಂದು ಶ್ರೀವಿದ್ಯಾಳ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅನುಮಾನ ಯಾರ ಮೇಲೆ ಎಂದಷ್ಟೇ ಕೇಳಿದಳು.

"ಕೋಡಿಯ ಪುಷ್ಪ. ಮೀನು ಮಾರುವವಳು. ನಮ್ಮ ಧರ್ಮದವಳಲ್ಲ, ಆದರೂ ವಾರವಾರ ಬಂದು ಮೊಂಬತ್ತಿ ಹಚ್ಚುತ್ತಾಳೆ. ಭಾನುವಾರ ಮಧ್ಯಾಹ್ನವೂ ಬಂದಿದ್ದಳು. ಇವತ್ತೇ ಎತ್ತಿಹಾಕಿಕೊಂಡು ಬನ್ನಿ."

"ಯಾರನ್ನು ಯಾವಾಗ ಕರೆತರಬೇಕು ಅನ್ನುವುದನ್ನು ನಾವು ನೋಡಿಕೊಳ್ಳುತ್ತೇವೆ," ಎಂದು ಶ್ರೀವಿದ್ಯಾ ದೂರನ್ನು ಬರೆಸಿಕೊಂಡಳು. ಐಪಿಸಿ ಕಲಂ 380ರಡಿ ಎಫ್‌ಐಆರ್ ದಾಖಲಾಯಿತು.

ಹೆಡ್ ಕಾನ್‌ಸ್ಟೇಬಲ್ ಚೆನ್ನಯ್ಯ ಪಂಚರನ್ನು ಕರೆದುಕೊಂಡು ಬಂದ. ಚರ್ಚಿನಲ್ಲಿ ಸ್ಥಳದ ಪಂಚನಾಮೆ ಶುರುವಾಯಿತು. ವಿಗ್ರಹವಿದ್ದ ಗಾಜಿನ ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಕೀಲಿ ಹಾಕಿಯೇ ತೆಗೆದಿದ್ದರು. ವಿಗ್ರಹವನ್ನು ಹಿಡಿದಿದ್ದ ಹಿತ್ತಾಳೆಯ ತಿರುಪುಗಳನ್ನು ಬಿಚ್ಚಿ, ಮೂಲೆಯಲ್ಲಿ ಒಂದು ಬಿಳಿ ಕರವಸ್ತ್ರದ ಮೇಲೆ ಸಾಲಾಗಿ ಇಟ್ಟಿದ್ದರು. ಅವುಗಳ ಪಕ್ಕದಲ್ಲೇ ಮಾತೆಯ ಬೆಳ್ಳಿ ಕಿರೀಟ.

ಚೆನ್ನಯ್ಯ ಕಿರೀಟವನ್ನು ನೋಡಿ ತಲೆ ಕೆರೆದುಕೊಂಡ. "ಎಂತ ಕಳ್ಳ ಮಾರಾಯ್ರೆ ಇದ್! ಬೆಳ್ಳಿ ಬಿಟ್ಟಿಕ್ಕಿ ಮರ ತಕಂಡ್ ಹೋಯ್ದ."

"ಕಳ್ಳ ಅಲ್ಲ ಚೆನ್ನಯ್ಯ. ಇದ್ ಯಾರೋ ಹುಷಾರಂಗೆ ಎತ್ಕಂಡ್ ಹೋದ್ದ್," ಎಂದಳು ಶ್ರೀವಿದ್ಯಾ. ಕೋಟದಲ್ಲಿ ಹುಟ್ಟಿ ಬೆಳೆದವಳು; ತನ್ನ ಸಿಬ್ಬಂದಿಯ ಜೊತೆ ಮಾತು ತಂತಾನೇ ಊರಿನದಾಗುತ್ತಿತ್ತು.

ಪೆಟ್ಟಿಗೆಗೆ ಎರಡು ಕೀಲಿಗಳಿದ್ದವು. ಒಂದು ಫಾದರ್ ಬಳಿ. ಅವರು ಶನಿವಾರವೇ ಬೈಂದೂರಿಗೆ ಸಭೆಗೆಂದು ಹೋಗಿ ಆ ದಿನ ಬೆಳಿಗ್ಗೆ ಮರಳಿದ್ದರು. ಕೀಲಿ ಅವರ ಗೊಂಚಲಿನಲ್ಲೇ ಇತ್ತು. ಇನ್ನೊಂದು ಪೀಠದ ಹಿಂದಿನ ಕೋಣೆಯ ಮೊಳೆಯಲ್ಲಿ ತೂಗುತ್ತಿತ್ತು. ಹೂವು ಬದಲಿಸುವ ಹೆಂಗಸರಿಗೆಂದು ಇಟ್ಟದ್ದು ಎಂದರು ಫಾದರ್. ಅವರು ವರ್ಗವಾಗಿ ಬಂದು ವರ್ಷವೂ ಆಗಿರಲಿಲ್ಲ. ವಿಗ್ರಹ ಎಷ್ಟು ಹಳೆಯದು ಎಂದು ಕೇಳಿದರೆ ಕಣ್ಣು ತಪ್ಪಿಸಿ, "ಇನ್ನೂರು ವರ್ಷ ದಾಟಿದೆ ಅಂತಾರೆ. ಮಂಡಳಿ ತೀರ್ಮಾನ ಮಾಡಿತು, ನಾನು ತಡೆಯಬೇಕಿತ್ತೇನೋ," ಎಂದರು.

ಮಧ್ಯಾಹ್ನ ಜೀಪು ಕೋಡಿಗೆ ಹೋಯಿತು. ಪುಷ್ಪ ಅಂಗಳದಲ್ಲಿ ಸಿಗಡಿ ಒಣಗಿಸುತ್ತಿದ್ದಳು. ಪೊಲೀಸರನ್ನು ಕಂಡು ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಭಾನ್ವಾರ ಇಗರ್ಜಿಗ್ ಹೋಯಿದ್ಯಾ?" ಶ್ರೀವಿದ್ಯಾ ಚರ್ಚಿನ ಮಾತೆತ್ತಿದಳು.

"ಹೋಯಿದೆ. ನನ್ ಗಂಡ ದೋಣಿಗ್ ಹೋಪ ಶುರುವಿಂದ ಹೋತಾ ಇದ್ದೆ. ಹೊಳೆಬಾಗಿಲ ಅಮ್ಮನ್ನ ಕಾಂಬುಕೆ ಯಾರನ್ ಕೇಣ್ಕ್?"

"ಅಮ್ಮ ಈಗ ಅಲ್ಲಿಲ್ಲೆ."

"ಗೊತ್ತಿತ್ತ್."

"ಹ್ಯಾಂಗ್ ಗೊತ್ತಿತ್ತ್?"

ಪುಷ್ಪ ಮನೆಯ ಬಾಗಿಲನ್ನು ಅಗಲವಾಗಿ ತೆರೆದಳು. "ಬನಿ, ಹುಡುಕಿ. ನನ್ ಬುಟ್ಟಿ ಕಾಣಿ, ಒಲಿ ಕಾಣಿ. ಸಿಕ್ರೆ ಕೋಳ ಹಾಕಿ. ಸಿಕ್ದಿದ್ರೆ ಆ ಕ್ರಾಸ್ತಾರಿಗೆ ಹೇಳಿ, ಪುಷ್ಪ ಮೀನ್ ಮಾರೂದ್, ಅಮ್ಮನ್ನಲ್ಲ ಅಂದೇಳಿ."

"ಭಾನ್ವಾರ ನೀ ಹೋಪತಿಗೆ ಅಲ್ಲಿ ಯಾರಿದ್ರ್?"

"ಅದ್ ನಾನ್ ಹೇಳ್ತಿಲ್ಲೆ. ಕೋರ್ಟಂಗೆ ಕೇಣಿರೂ ಹೇಳ್ತಿಲ್ಲೆ."

ಮನೆಯಲ್ಲಿ ಏನೂ ಸಿಗಲಿಲ್ಲ. ಹಿಂದಿರುಗುವಾಗ ಚೆನ್ನಯ್ಯ ಠಾಣೆಗೆ ಕರೆದೊಯ್ದು ಗದರಿಸಿದರೆ ಬಾಯಿ ಬಿಟ್ಟಾಳು ಎಂದ. ಶ್ರೀವಿದ್ಯಾ ಬೇಡವೆಂದಳು. ಆ ಹೆಂಗಸು ತನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿರಲಿಲ್ಲ, ಬೇರೆ ಯಾರನ್ನೋ ಉಳಿಸಲು ಸುಮ್ಮನಿದ್ದಳು. ಆ ಬೇರೆಯವರು ಕೀಲಿಯ ಜಾಗ ಬಲ್ಲವರು.

ಹೂವು ಬದಲಿಸುವ ಸರದಿಯವರಲ್ಲಿ ಮೂವರು ಯಾತ್ರೆಯ ತಂಡದಲ್ಲೂ ಇದ್ದರು. ಮರುದಿನ ಶ್ರೀವಿದ್ಯಾ ಒಬ್ಬೊಬ್ಬರ ಮನೆಗೂ ಹೋದಳು. ಮೊದಲ ಮನೆಯಲ್ಲಿ ಹೊಸ ಸ್ವೆಟರಿಗೆ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಎರಡನೆಯದರಲ್ಲಿ ಉಪ್ಪಿನಕಾಯಿಯ ಬಾಟಲಿಯನ್ನು ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂಬ ಜಗಳ ನಡೆದಿತ್ತು.

ಮೂರನೆಯದು ಬಸ್ರೂರು ರಸ್ತೆಯಲ್ಲಿ, ಸೆವ್ರಿನ್ ರೆಬೆಲ್ಲೊ ಅವರ ಮನೆ. ನಿವೃತ್ತ ಶಿಕ್ಷಕಿ, ಮದುವೆಯಾಗದವರು. ಗೋಡೆಯ ತುಂಬ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಮಹಾದೇವಾಲಯಗಳ ಚಿತ್ರಗಳಿದ್ದವು. ಶಿಖರಗಳು, ಬಣ್ಣದ ಗಾಜಿನ ಕಿಟಕಿಗಳು. ಇಡೀ ತಂಡದಲ್ಲಿ ಈ ಯಾತ್ರೆಗೆ ಇವರಷ್ಟು ಹಂಬಲಿಸಿದವರು ಇನ್ನೊಬ್ಬರಿರಲಿಲ್ಲ ಎಂದು ಹಿಂದಿನ ಎರಡು ಮನೆಗಳಲ್ಲೂ ಹೇಳಿದ್ದರು.

ಚಹಾ ಬಂತು. ಶ್ರೀವಿದ್ಯಾ ಮನೆಯೊಳಗೆ ಕಣ್ಣಾಡಿಸಿದಳು.

"ಟೀಚರ್, ನಿಮ್ಮ ಸೂಟ್‌ಕೇಸ್ ಎಲ್ಲಿ?"

"ಎಂತಕ್ಕೆ?"

"ಶುಕ್ರವಾರ ಹೋಯ್ಕಲ್ದಾ? ಉಳಿದವರೆಲ್ಲ ಕಟ್ಟಿ ಇಟ್ಟಾಯ್ತು."

ಸೆವ್ರಿನ್ ಟೀಚರ್ ಲೋಟವನ್ನು ಕೆಳಗಿಟ್ಟರು. "ನಾನ್ ಹೋತಿಲ್ಲೆ ಮಗಾ. ನೀವ್ ಬಪ್ದನ್ನೇ ಕಾಯ್ತಿದ್ದೆ. ಒಂದ್ ದಿನ ತಡ ಮಾಡಿದ್ರಿ."

ಅಡುಗೆಮನೆಯ ಅಟ್ಟದಲ್ಲಿ ಅಕ್ಕಿಯ ಮುಡಿಗಳಿದ್ದವು, ಹುಲ್ಲಿನಿಂದ ಬಿಗಿದು ಸುತ್ತಿದ ದುಂಡನೆಯ ಕಟ್ಟುಗಳು. ಅವುಗಳಲ್ಲಿ ಸಣ್ಣದನ್ನು ಅವರೇ ತೋರಿಸಿದರು. ಚೆನ್ನಯ್ಯ ಇಳಿಸಿದ. ಪಂಚರ ಮುಂದೆ ಹುಲ್ಲು ಬಿಚ್ಚಿದಾಗ, ಹಳೆಯ ರೇಷ್ಮೆ ಸೀರೆಯೊಳಗಿಂದ ಮೊಳದುದ್ದದ ಮಾತೆ ಹೊರಬಂದಳು. ಎಡಗೈಯ ಬಣ್ಣ ಎದ್ದುಹೋಗಿತ್ತು.

"ಅದನ್ನೂ ಬರ್ಕಣಿ," ಎಂದರು ಟೀಚರ್. "ಎಡಗೈ ಬಣ್ಣ, ಪೀಠದ ಅಡಿ ಕೆತ್ತಿದ ಇಸವಿ, ಎಲ್ಲ. ಒಂದೂ ಬಿಡೂಕಾಗ."

ಪೀಠದ ಅಡಿಯಲ್ಲಿ 1781 ಎಂದಿತ್ತು. ಶ್ರೀವಿದ್ಯಾಳಿಗೆ ಆಗ ಅರ್ಥವಾಗತೊಡಗಿತು. ನೂರು ವರ್ಷ ದಾಟಿದ ವಿಗ್ರಹವನ್ನು ಯಾವ ಖಾಸಗಿಯವರೂ ದೇಶದಾಚೆ ಸಾಗಿಸುವಂತಿಲ್ಲ. ಅದರ ವಯಸ್ಸು ಸರಕಾರದ ಕಾಗದದಲ್ಲಿ ಮೊದಲ ಬಾರಿಗೆ ದಾಖಲಾಗುತ್ತಿದ್ದುದು ಈ ಜಪ್ತಿ ಪಂಚನಾಮೆಯಲ್ಲಿ.

"ಸಿಗಲಿ ಅಂತಲೇ ತೆಗೆದದ್ದಾ ಟೀಚರ್? ಮೊದಲೇ ಠಾಣೆಗೆ ಬಪ್ಪುಕಾತಿತ್ತಲ್ಲ?"

"ಬಂದಿದ್ರೆ ಚರ್ಚಿನ ಒಳಗಿನ ವಿಷಯ, ನೀವ್ನೀವೇ ಕೂತ್ ಸರಿ ಮಾಡ್ಕಣಿ ಅಂತಿದ್ರಿ. ಮಂಡಳಿ ಎದ್ರಿಗೆ ನಿಂತ್ ಹೇಳ್ದೆ. ಮುದುಕಿಗೆ ಜಪಸರ ಸಾಕ್ ಅಂದ್ರ್. ಕಳು ಆದ್ರೆ ಮಾತ್ರ ಜೀಪ್ ಬತ್ತ್."

ಶ್ರೀವಿದ್ಯಾ ಇಸವಿಯನ್ನು ಪಂಚನಾಮೆಗೆ ಬರೆಸಿದಳು.

ಸಂಜೆಗೆ ಮುಂಚೆಯೇ ಕ್ರಾಸ್ತಾ ಠಾಣೆಗೆ ಓಡಿಬಂದರು. ಈಗ ಮಾತು ಬೆಣ್ಣೆಯಾಗಿತ್ತು. "ಎಲ್ಲ ನಮ್ಮವರೇ ಮೇಡಂ. ದೂರು ವಾಪಸ್ ತಗೊಳ್ತೇನೆ. ವಿಗ್ರಹ ಕೊಟ್ಟುಬಿಡಿ. ಟೀಚರ್ ಕೂಡ ಯಾತ್ರೆಗೆ ಬರಲಿ, ಯಾರೂ ಒಂದು ಮಾತು ಆಡುವುದಿಲ್ಲ."

ಬೆಂಚಿನಲ್ಲಿ ಕೂತಿದ್ದ ಟೀಚರ್ ಎದ್ದರು. "ವಾಪಸ್ ತಕಂಬುಕಾಗ ರೊನಾಲ್ಡ್. ನಾನ್ ಕದ್ದದ್ದ್. ಕೇಸ್ ಆಯ್ಕ್."

"ಸೆವ್ರಿನ್ ಬಾಯಿ, ನೀವು ನೋಡಬೇಕು ಅಂತ ಆಸೆಪಟ್ಟ ಊರುಗಳು..."

"ಹೌದ್, ಆಸೆಪಟ್ಟದ್ದೇ. ದೊಡ್ಡ ಇಗರ್ಜಿ ಕಾಂಬುಕೆ ಹೋಪ್ದಕ್ಕೆ ನಮ್ ಇಗರ್ಜಿ ಬರಿದ್ ಮಾಡ್ಕಾ?"

ಕ್ರಾಸ್ತಾ ಮೊಬೈಲ್ ತೆಗೆದು ಯಾರಿಗೋ ಕರೆ ಮಾಡಿ, ಫೋನನ್ನು ಶ್ರೀವಿದ್ಯಾಳತ್ತ ಚಾಚಿದರು. ಆ ಕಡೆ ಇದ್ದವರು ಊರಿನ ಒಬ್ಬ ದೊಡ್ಡ ಮನುಷ್ಯರು. ಸಣ್ಣ ವಿಷಯ, ದೊಡ್ಡದು ಮಾಡಬೇಡಿ ಎಂದರು. ಅವಳು ನಿಂತೇ ಕೇಳಿದಳು.

"ಎಫ್‌ಐಆರ್ ಆಗಿದೆ ಸರ್. ವಿಗ್ರಹ ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯ. ಇಲ್ಲಿಂದ ಹೋದರೆ ಅದು ನ್ಯಾಯಾಲಯಕ್ಕೇ ಹೋಗುವುದು. ಬೇರೆ ಎಲ್ಲಿಗೂ ಕಳಿಸಲು ನನಗೆ ಅಧಿಕಾರವಿಲ್ಲ." ಫೋನನ್ನು ಹಿಂದಿರುಗಿಸುತ್ತ ಕ್ರಾಸ್ತಾರಿಗೆ ಹೇಳಿದಳು: "ಇದನ್ನು ಹೊರದೇಶಕ್ಕೆ ಒಯ್ಯಲು ನಿಮ್ಮ ಬಳಿ ಯಾವ ಅನುಮತಿ ಇತ್ತು ಅನ್ನುವುದನ್ನು ನಾಳೆ ಬಂದು ಹೇಳಿಕೆಯಲ್ಲಿ ತಿಳಿಸಬೇಕು. ಪ್ರಾಚ್ಯವಸ್ತು ಇಲಾಖೆಗೆ ನಾನು ಬರೆಯುತ್ತಿದ್ದೇನೆ."

ಕ್ರಾಸ್ತಾ ಫೋನನ್ನು ಜೇಬಿಗಿಳಿಸಿ ಹೊರಟುಹೋದರು.

ಸೆವ್ರಿನ್ ರೆಬೆಲ್ಲೊ ಅವರನ್ನು ದಸ್ತಗಿರಿ ಮಾಡಿದ್ದಾಗಿ ದಾಖಲಿಸಿ ಜೀಪು ಹತ್ತಿಸಿದರು. ನ್ಯಾಯಾಲಯದ ದಾರಿಯಲ್ಲಿ ಶ್ರೀವಿದ್ಯಾ ಆ ಎಡಗೈಯ ಬಗ್ಗೆ ಕೇಳಿದಳು.

ಟೀಚರ್ ಹುಡುಗಿಯಾಗಿದ್ದಾಗ ಒಂದು ಮಳೆಗಾಲದ ಶುರುವಿಗೆ ಕಡಲು ಕೆಟ್ಟಿತ್ತು. ದೋಣಿಗಳು ಮರಳಿರಲಿಲ್ಲ. ಅವರ ತಾಯಿ ಮತ್ತು ಕೋಡಿಯ ಹೆಂಗಸರು ಯಾರನ್ನೂ ಕೇಳದೆ ಮಾತೆಯನ್ನು ಪೀಠದಿಂದ ಎತ್ತಿಕೊಂಡು, ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಹೋದರು. ಎದೆಮಟ್ಟದ ನೀರಿನಲ್ಲಿ, ಅಲೆ ಬಡಿಯುತ್ತಿದ್ದರೂ, ಮಾತೆಯನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಹಿಡಿದು ನಿಂತರು. ಎಡಗೈಯ ಬಣ್ಣ ಎದ್ದದ್ದು ಆ ಉಪ್ಪುನೀರಿಗೇ. ಕೆಲವು ದೋಣಿಗಳು ಬಂದವು. ಟೀಚರ ತಂದೆಯ ದೋಣಿ ಬರಲಿಲ್ಲ.

"ಅಪ್ಪ ಬರ್ಲಿಲ್ಲೆ ಅಂದ್ ಅಬ್ಬಿ ಮಾತೆ ಮೇಲೆ ಸಿಟ್ಟ್ ಮಾಡ್ಲಿಲ್ಲೆ," ಎಂದರು ಟೀಚರ್, ತಾಯಿಯನ್ನು ನೆನೆಯುತ್ತ. "ನಮ್ ಒಟ್ಟಿಗೆ ನೀರಿಗಿಳ್ದದ್ ಅವ್ಳೊಬ್ಳೇ ಅಂತಿದ್ಲ್. ಅವ್ಳನ್ನ ಯಾರದ್ದೋ ಗಾಜಿನ ಕಪಾಟಿಗೆ ಕೊಡೂಕೆ ನಂಗಾತಿಲ್ಲೆ."

ನ್ಯಾಯಾಲಯದ ಅಂಗಳದಲ್ಲಿ ಪುಷ್ಪ ನಿಂತಿದ್ದಳು. ಅವಳ ಹಿಂದೆ ಕೋಡಿಯ ಹೆಂಗಸರು, ಮೀನಿನ ಬುಟ್ಟಿಗಳನ್ನು ಗೋಡೆಗೆ ಒರಗಿಸಿ. ಹೂವು ಬದಲಿಸುವ ಸರದಿಯ ಇನ್ನಿಬ್ಬರೂ ಅಲ್ಲಿದ್ದರು, ತಲೆಗೆ ಮುಸುಕೆಳೆದುಕೊಂಡು. ಯಾರೂ ಘೋಷಣೆ ಕೂಗಲಿಲ್ಲ, ಯಾರೂ ದಾರಿಯಿಂದ ಸರಿಯಲೂ ಇಲ್ಲ.

ಆರೋಪವನ್ನು ಓದಿ ಹೇಳಿದಾಗ ಸೆವ್ರಿನ್ ಟೀಚರ್ ಮ್ಯಾಜಿಸ್ಟ್ರೇಟರ ಮುಖವನ್ನು ನೇರ ನೋಡಿದರು. "ತೆಗೆದದ್ದು ಹೌದು ಸ್ವಾಮಿ. ತಪ್ಪು ಅಂತ ಒಪ್ಪುವುದಿಲ್ಲ."

ಜಾಮೀನು ಸಿಕ್ಕಿತು. ವಿಗ್ರಹವನ್ನು ಫಾದರ್ ಬರೆದುಕೊಡುವ ಮುಚ್ಚಳಿಕೆಯ ಮೇಲೆ ಚರ್ಚಿನ ಪೀಠದಲ್ಲೇ ಇಡಬೇಕು, ಪ್ರಕರಣ ಇತ್ಯರ್ಥವಾಗುವವರೆಗೆ ಜಿಲ್ಲೆಯಿಂದ ಹೊರಗೆ ಒಯ್ಯುವಂತಿಲ್ಲ ಎಂದು ಆದೇಶವಾಯಿತು. ಶುಕ್ರವಾರ ತಂಡ ಹೊರಡುವಾಗ ಸೆವ್ರಿನ್ ಟೀಚರ್ ಇರಲಿಲ್ಲ. ಠಾಣೆಯಲ್ಲಿ ಹೇಳಿಕೆ ಇನ್ನೂ ಮುಗಿಯದ ಕ್ರಾಸ್ತಾರೂ ಇರಲಿಲ್ಲ.

ಜಾಮೀನು ಸಿಕ್ಕ ದಿನ ನ್ಯಾಯಾಲಯದ ಮೆಟ್ಟಿಲಿಳಿಯುವಾಗ ಟೀಚರ್ ಶ್ರೀವಿದ್ಯಾಳ ತೋಳು ಹಿಡಿದು ಕೇಳಿದ್ದರು: "ಮಗಾ, ಈ ಕೇಸ್ ಮುಗೂಕೆ ಎಷ್ಟ್ ವರ್ಷ ಬೇಕ್?"

"ಹೇಳೂಕಾತಿಲ್ಲೆ ಟೀಚರ್. ಹತ್ತ್ ವರ್ಷ ಆದ್ರೂ ಆಯ್ತ್."

"ನಿಧಾನಕ್ಕೆ ನಡೀಲಿ," ಎಂದರು ಸೆವ್ರಿನ್ ಟೀಚರ್.