ಏಳು ಸಲ ಸತ್ತ ಇಝೆಮ್

"ಇನ್ನು ನಾನು ಸಾಯೋದಿಲ್ಲ!" ಎಂದು ಇಝೆಮ್ ಮಣ್ಣಿನಿಂದ ಎದ್ದು ನಿಂತ. "ಬೆಳಿಗ್ಗೆಯಿಂದ ಏಳು ಸಲ ಸತ್ತಿದ್ದೀನಿ. ನೋಡು, ಮೊಣಕೈ ಸುಲಿದುಹೋಗಿದೆ."

"ವೈರಿಗಳು ಏಳು ಜನ ಅಲ್ವಾ? ಸಾಯಲೇಬೇಕು," ಎಂದಳು ಇಟ್ಟೋ.

"ಉಳಿದ ಮೂವರು ಆಗಲೇ ಬಿಟ್ಟುಹೋದ್ರು. ಎಲ್ಲರ ಸಾವೂ ನನ್ನ ತಲೆಗೇ ಕಟ್ತೀಯಲ್ಲ! ಒಂದು ಸಲ ನೀನೂ ಬೀಳು."

"ನಾನು ನೆಜ್ಮ್ ಕಣೋ! ನೆಜ್ಮ್ ಬೀಳೋದಿಲ್ಲ."

ನಾಟಕವನ್ನು ಬರೆದವಳು ಇಟ್ಟೋ. ಅಂತರಿಕ್ಷ ನೌಕೆಯ ಕ್ಯಾಪ್ಟನ್ ನೆಜ್ಮ್ ಪಾತ್ರವೂ ಅವಳದೇ. ನೆಜ್ಮ್ ಗುರಿ ತಪ್ಪುವುದಿಲ್ಲ. ಬೆವರುವುದಿಲ್ಲ. ಹನ್ನೊಂದು ಗ್ರಹಗಳ ಭಾಷೆ ಬಲ್ಲ. ಕೆಟ್ಟ ಎಂಜಿನ್ನನ್ನು ಕಣ್ಣು ಮುಚ್ಚಿಕೊಂಡೇ ರಿಪೇರಿ ಮಾಡಬಲ್ಲ. ದೊಡ್ಡ ಸಿನಿಮಾಗಳ ನಾಯಕರನ್ನೆಲ್ಲ ನೋಡಿ, ಅವರಿಗಿಂತ ಒಂದು ಕೈ ಮೇಲಾಗಿಯೇ ಅವಳು ಅವನನ್ನು ರೂಪಿಸಿದ್ದಳು.

ನಾಳೆ ನಾಲ್ಕು ಗಂಟೆಗೆ ಶಾಲೆಯ ಅಂಗಳದಲ್ಲಿ ನಾಟಕ. ಇಝೆಮ್ ಕೂಡ ಹೋದರೆ ನಾಟಕವೇ ಇಲ್ಲ. ಇಟ್ಟೋ ಓಡಿಹೋಗಿ ಅಜ್ಜನನ್ನು ಕರೆತಂದಳು.

ವಾರ್ಜಾಜಾತ್ ಊರಿನಾಚೆಯ ಮರುಭೂಮಿಯಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತದೆ. ಬಾಸ್ಸು ಅಜ್ಜ ಅಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಹತ್ತೊಂಬತ್ತು ಸಿನಿಮಾಗಳಲ್ಲಿ ಸತ್ತಿದ್ದರು. ಮೊದಲು ಬಾಣದಿಂದ, ಆಮೇಲೆ ಕತ್ತಿಯಿಂದ, ಈಚೆಗೆ ಅಂತರಿಕ್ಷ ಬಂದೂಕಿನ ನೀಲಿ ಬೆಳಕಿನಿಂದ.

"ಅಜ್ಜ, ಇವನಿಗೆ ಬೀಳೋದು ಕಲಿಸು. ನೋವಾಗುತ್ತಂತೆ."

ಅಜ್ಜ ಇಝೆಮ್‌ನ ಮೊಣಕೈ ನೋಡಿದರು. "ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಹೆಗಲು. ಮೊಣಕೈ ಮುಂದೆ ಬರಬಾರದು, ಪುಟ್ಟಾ. ಬೀಳೋ ಮುಂಚೆ ಮನೆ ನೆನಪು ಮಾಡ್ಕೋ. ಒಲೆ ಮೇಲೆ ಚಹಾ ಇಟ್ಟು ಬಂದಿದ್ದೀನಿ ಅಂದ್ಕೋ."

"ನಾಯಕ ನನ್ನ ಕಡೆ ನೋಡದೇ ಹೊಡೆದ್ರೆ?"

"ಅವನು ನೋಡೋದೇ ಇಲ್ಲ! ಒಂದು ಸಲ ಅವನು ಆ ಕಡೆ ಹೊಡೆದ, ನಾನು ಈ ಕಡೆ ಬಿದ್ದೆ. ಯಾರಿಗೂ ಗೊತ್ತಾಗಲಿಲ್ಲ."

ಇಝೆಮ್ ಹೊಟ್ಟೆ ಹಿಡಿದುಕೊಂಡು ನಕ್ಕ. ರಿಹರ್ಸಲ್ ಮತ್ತೆ ಶುರುವಾಯಿತು. ಇಟ್ಟೋ ರಟ್ಟಿನ ಬಂದೂಕು ಎತ್ತಿದಳು. ಇಝೆಮ್ ಒಮ್ಮೆ ಹಿಂದೆ ತಿರುಗಿ, ಮನೆಯ ಕಡೆ ನೋಡಿ, ಮೆಲ್ಲನೆ ಕುಸಿದ.

"ಅಯ್ಯೋ!" ಎಂದರು ಗೋಡೆಯ ಮೇಲೆ ಕುಳಿತಿದ್ದ ಮಕ್ಕಳು. ಬಿಟ್ಟುಹೋಗಿ ಅವರ ನಡುವೆ ಕುಳಿತಿದ್ದ ಮೂವರೂ ಕೆಳಕ್ಕೆ ಹಾರಿದರು. "ನಾನೂ ಸಾಯ್ತೀನಿ!" "ಮೊದಲು ನಾನು!"

ಇಟ್ಟೋ ಕಾಲು ಅಪ್ಪಳಿಸಿದಳು. "ಗೆದ್ದೋಳು ನಾನು, ಅಜ್ಜ. ಎಲ್ಲರೂ ಸಾಯೋನನ್ನೇ ನೋಡ್ತಾರಲ್ಲ!"

"ನಿನ್ನ ನೆಜ್ಮ್‌ಗೆ ಯಾವುದರ ಭಯ?"

"ಯಾವುದರದ್ದೂ ಇಲ್ಲ."

"ಮನೇಲಿ ಯಾರು ಕಾಯ್ತಿದ್ದಾರೆ?"

ಇಟ್ಟೋ ಅದನ್ನು ಬರೆದಿರಲಿಲ್ಲ. ಅಜ್ಜ ನಿಲುವಂಗಿಯ ಧೂಳು ಕೊಡವಿ ಹೊರಟುಹೋದರು.

ಮರುದಿನ ಅಂಗಳ ತುಂಬಿತ್ತು. ಆರು ವೈರಿಗಳು ಸೊಗಸಾಗಿ ಸತ್ತರು. ಏಳನೆಯವನಾಗಿ ಇಝೆಮ್ ಎದುರು ಬಂದ. ಇಟ್ಟೋ ಬಂದೂಕನ್ನು ಅವನ ತಲೆಯ ಮೇಲಿನ ಬಾನಿಗೆ ತಿರುಗಿಸಿ ಹೊಡೆದಳು.

ಗುರಿ ತಪ್ಪಿತು.

"ಇದು ನಾಟಕದಲ್ಲಿ ಇಲ್ವಲ್ಲೇ!" ಎಂದು ಇಝೆಮ್ ಪಿಸುಗುಟ್ಟಿದ.

"ಗೊತ್ತು. ಮುಂದೆ ಬಾ."

ಅವನು ಒಂದು ಹೆಜ್ಜೆ ಮುಂದಿಟ್ಟ. ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಎದ್ದೇ ನಿಂತು ನೆಜ್ಮ್‌ಗೆ ಕೂಗಿದಳು. "ಓಡು ಮಗೂ! ನಿಂತ್ಕೊಂಡು ಏನ್ ನೋಡ್ತೀಯ?"

ಇಟ್ಟೋಳ ಕೈ ಬಂದೂಕನ್ನು ಕೆಳಗಿಳಿಸಿತು. ಅದು ತನ್ನ ಕೈಯೋ ನೆಜ್ಮ್‌ನ ಕೈಯೋ ಅವಳಿಗೇ ತಿಳಿಯಲಿಲ್ಲ. ಅಷ್ಟೂ ಕಣ್ಣುಗಳು ಅವಳ ಮೇಲೆಯೇ ಇದ್ದವು.

ನೆಜ್ಮ್ ಮನೆಯ ಕಡೆ ಓಡತೊಡಗಿದ.