ಬೆಳ್ಳಿಯ ಎರಡನೇ ಸ್ಕ್ಯಾನ್

“ಮೇಡಂ, ಏನಾದ್ರೂ ಹೇಳಿ... ನೀವು ಹಿಂಗೆ ಸುಮ್ನಿದ್ರೆ ನಂಗೆ ಭಯ ಆಯ್ತದೆ!”

ಡಾಕ್ಟರ್ ನಿಸರ್ಗ ಪರದೆಯಿಂದ ಕಣ್ಣು ಕೀಳಲಿಲ್ಲ. ಕೂದಲು ಬೋಳಿಸಿದ ನಾಯಿಯ ಹೊಟ್ಟೆಗೆ ಜೆಲ್ ಹಚ್ಚಿ, ಸ್ಕ್ಯಾನಿನ ಪ್ರೋಬನ್ನು ಮತ್ತೊಮ್ಮೆ ಅದೇ ಜಾಗಕ್ಕೆ ಒತ್ತಿದಳು. ಪಿತ್ತಜನಕಾಂಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಸುತ್ತ ಕಪ್ಪಗೆ ನೀರು.

ಬೆಳ್ಳಿ, ಅರಕಲಗೂಡಿನ ಬಟ್ಟೆ ಅಂಗಡಿಯ ಸಿದ್ದೇಶ್ವರನ ನಾಯಿ. ಅದು ಊಟ ಬಿಟ್ಟಿದೆಯೆಂದು ಆರು ವಾರದ ಹಿಂದೆ ಅವನು ಹಾಸನದ ಈ ಕ್ಲಿನಿಕ್ಕಿಗೆ ಮೊದಲ ಸಲ ಓಡಿಬಂದಿದ್ದ. ಅಂದು ಸ್ಕ್ಯಾನ್ ಮಾಡಿದ ನಿಸರ್ಗ, “ಏನೂ ಇಲ್ಲ, ಗಾಬರಿ ಬೇಡ” ಎಂದಿದ್ದಳು. ಅಷ್ಟಕ್ಕೇ ಆ ಗಂಡಸು ನಾಯಿಯನ್ನು ತಬ್ಬಿಕೊಂಡು ಅತ್ತುಬಿಟ್ಟಿದ್ದ!

ಆಮೇಲೆ ದಿನಕ್ಕೊಂದು ಫೋನ್. ಹಸಿವಿನ ಮಾತ್ರೆಯನ್ನು ಮೊಸರನ್ನದಲ್ಲಿ ಕೊಡಬಹುದಾ? ಬಿಸಿಲಲ್ಲಿ ಮಲಗಿದರೆ ಪರವಾಗಿಲ್ವಾ? ಬರೀ ನೆಪಗಳೆಂದು ಇಬ್ಬರಿಗೂ ಗೊತ್ತಿತ್ತು. ಸಂಜೆಯಾದರೆ ಅವಳೂ ಫೋನನ್ನೇ ನೋಡುತ್ತಿದ್ದಳು.

‘ಈಗ ಏನು ಹೇಳಲಿ? ಗಡ್ಡೆ ಹೊಸದಾಗಿ ಬಂದಿದೆ ಅಂದರೆ ಯಾರಿಗೆ ಗೊತ್ತಾಗುತ್ತೆ...’

“ಗಡ್ಡೆ ಇದೆ. ಹರಡಿಬಿಟ್ಟಿದೆ, ಆಪರೇಷನ್ ಆಗಲ್ಲ.” ಅವಳು ಪ್ರೋಬನ್ನು ಕೆಳಗಿಟ್ಟಳು. “ಬಹುಶಃ ಆವತ್ತೇ ಇತ್ತು. ಹೊಟ್ಟೇಲಿ ಗ್ಯಾಸ್ ತುಂಬಿ ಸರಿಯಾಗಿ ಕಾಣ್ತಿರಲಿಲ್ಲ. ಖಾಲಿ ಹೊಟ್ಟೇಲಿ ಇನ್ನೊಂದ್ಸಲ ಕರ್ಕೊಂಡು ಬನ್ನಿ ಅನ್ನಬೇಕಿತ್ತು. ಅನ್ನಲಿಲ್ಲ... ತಪ್ಪು ನಂದು.”

“ಏನೂ ಇಲ್ಲ ಅಂದಿದ್ರಲ್ರೀ...”

ಅಷ್ಟೇ. ತನ್ನ ಟವೆಲಿನಿಂದ ಬೆಳ್ಳಿಯ ಹೊಟ್ಟೆ ಒರೆಸಿ, ಎತ್ತಿಕೊಂಡು ಹೊರಟೇಹೋದ.

ಹನ್ನೊಂದು ದಿನ ಫೋನ್ ಬರಲಿಲ್ಲ. ತಾನಾಗಿ ಮಾಡಲು ಅವಳಿಗೆ ಯಾವ ಮುಖ?

ಹನ್ನೆರಡನೆಯ ದಿನ ಬೆಳಿಗ್ಗೆ ಅವನ ಕರೆ ಬಂತು.

“ಬೆಳ್ಳಿಗೆ ಉಸಿರೆಳೆಯಾಕೆ ಆಯ್ತಿಲ್ಲ ಮೇಡಂ...”

ನಿಸರ್ಗ ಪುಟ್ಟ ಸ್ಕ್ಯಾನರನ್ನು ಬ್ಯಾಗಿಗೆ ಹಾಕಿಕೊಂಡು ಅರಕಲಗೂಡಿನ ಬಸ್ಸು ಹತ್ತಿದಳು.

ಅವನ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ, ಸ್ಕ್ಯಾನಿನಲ್ಲಿ ಜಾಗ ನೋಡಿಕೊಂಡು ಸೂಜಿ ಹಾಕಿದಳು. ಉಸಿರು ಕಟ್ಟಿಸುತ್ತಿದ್ದ ಹೊಟ್ಟೆಯ ನೀರು ಬೇಸಿನ್ನಿಗೆ ಇಳಿಯತೊಡಗಿತು. ಅವನು ಮುಂಗಾಲುಗಳನ್ನು ಹಿಡಿದು ಎದುರಿಗೇ ಕೂತಿದ್ದ. ನಿಧಾನಕ್ಕೆ ಬೆಳ್ಳಿಯ ಏದುಸಿರು ಇಳಿಯಿತು.

“ಬೇರೆ ಡಾಕ್ಟರ್ ಹತ್ರ ಹೋಗಿದ್ದೆ,” ಅವನೆಂದ. “ಆವತ್ತೇ ಕಂಡಿದ್ರೆ ಉಳೀತಿದ್ಲಾ ಅಂತ ಕೇಳ್ದೆ. ಹೇಳಾಕಾಗಲ್ಲ ಅಂದ್ರು.”

“ನನಗೂ ಗೊತ್ತಿಲ್ಲ...”

“ನೀವು ಹೇಳ್ದೇ ಇದ್ದಿದ್ರೆ ನಂಗೆ ತಿಳೀತಾನೇ ಇರ್ಲಿಲ್ಲ. ಯಾಕೆ ಹೇಳಿದ್ರಿ?”

“ನಿಮಗೆ ಸುಳ್ಳು ಹೇಳಿ, ಆಮೇಲೆ ದಿನಾ ನಿಮ್ಮ ಫೋನಿಗೆ ಹೆಂಗೆ ಕಾಯಲಿ?”

ಅವನು ತಲೆ ಎತ್ತಿದ. ಅವಳ ಕಣ್ಣು ತುಂಬಿತ್ತು.

“ನನ್ ಕೋಪ ಇಳೀಲಿ ಅಂತ ನಾನೂ ಕಾಯ್ತಿದ್ದೆ ಕಣ್ರೀ... ಹನ್ನೊಂದು ದಿನಾನೂ.”

ಬೆಳ್ಳಿ ಅವಳ ತೊಡೆಗೆ ಮೂತಿಯಿಟ್ಟು ಕಣ್ಣು ಮುಚ್ಚಿತು.

“ಮತ್ತೆ ನೀರು ತುಂಬ್ಕೊಳ್ಳುತ್ತೆ, ಸಿದ್ದೇಶ್ವರ್. ನಾನು ತೆಗೀಬಹುದು, ನಿಲ್ಲಿಸೋಕಾಗಲ್ಲ.”

“ಗೊತ್ತು. ನಾಳಿದ್ದು ಬತ್ತೀರಾ?”

“ಬರ್ತೀನಿ.”

ಅವನು ನಾಯಿಯ ಬೆನ್ನು ಸವರಿದ.

“ಇವಳು ಹೋದ್ಮೇಲೆ?”

“ಆಮೇಲೂ ಬರ್ತೀನಿ,” ಎಂದಳು ನಿಸರ್ಗ.